ಅಡುಗೆಮನೆಯಲ್ಲಿ ಉಂಡ ಸೊಸೆ

ಒಟೀಲಿ ಕ್ರಾಂಟ್ಸ್‌ಳ ಪಕ್ಕದ ಕುರ್ಚಿಯಲ್ಲಿ ಕೂತು ನಾನು ಇಪ್ಪತ್ತೇಳು ವರ್ಷ ಬಟ್ಟೆ ಹೊಲಿದಿದ್ದೇನೆ. ಹಾಲಿವುಡ್ಡಿನ ನಮ್ಮ ಸ್ಟುಡಿಯೋದಲ್ಲಿ ಹೊಲಿಗೆ ವಿಭಾಗ ಅಂದರೆ ತಗಡಿನ ಮಾಡಿನ ಒಂದು ಉದ್ದನೆಯ ಶೆಡ್ಡು. ಬೇಸಿಗೆಯಲ್ಲಿ ಒಳಗೆ ಕೂತರೆ ಬ್ರೆಡ್ಡು ಸುಡುವ ಒಲೆಯೊಳಗೆ ಕೂತ ಹಾಗೆ. ಅಲ್ಲಿ ನಾವು ಮೂವತ್ತು ಹೆಂಗಸರು, ಮೊಣಕಾಲಿನ ಮೇಲೆ ಒದ್ದೆ ಟವೆಲು ಹಾಕಿಕೊಂಡು, ಹಳೆಯ ಕಾಲದ ಸಿರಿವಂತರಿಗೆ ರೇಷ್ಮೆ ಹೊಲಿಯುತ್ತಿದ್ದೆವು.

ಒಟೀಲಿ ದೂರದ ನೆಬ್ರಾಸ್ಕಾದ ಬೀಟ್ ಗಡ್ಡೆಯ ಹೊಲಗಳಲ್ಲಿ ಕಳೆ ಕಿತ್ತು ಬೆಳೆದವಳು. ಮನೆಯಲ್ಲಿ ಜರ್ಮನ್ ಮಾತಾಡುವ ಒಕ್ಕಲುಮಂದಿ. ದಪ್ಪ ಬೆರಳು, ಅಗಲವಾದ ಅಂಗೈ. ಆದರೆ ಆ ಕೈ ಹಾಕಿದ ಅಂಚಿನ ಹೊಲಿಗೆಯನ್ನು ಭೂತಗನ್ನಡಿ ಹಿಡಿದು ಹುಡುಕಿದರೂ ಕಾಣುತ್ತಿರಲಿಲ್ಲ. ಮಾತು ಕಡಿಮೆ. ನಕ್ಕರೆ ಬಾಯಿಗೆ ಕೈ ಅಡ್ಡ. ಮುಂದಿನ ಹಲ್ಲೊಂದು ವಕ್ರವಾಗಿದ್ದುದಕ್ಕೆ ಹಾಗೆ. ನಮ್ಮ ಶೆಡ್ಡಿನಲ್ಲಿ ಎಲ್ಲರೂ ಎಲ್ಲರ ಪ್ರೇಮ ಪ್ರಸಂಗಗಳನ್ನೂ ಬಲ್ಲೆವು, ಅವಳದೊಂದನ್ನು ಬಿಟ್ಟು. ಅವಳಿಗೆ ಅಂಥದ್ದೇನೂ ಇಲ್ಲ ಅಂತಲೇ ತಿಳಿದಿದ್ದೆವು.

ಸಾವಿರದ ಒಂಬೈನೂರ ಮೂವತ್ತಾರನೆಯ ಇಸವಿಯಲ್ಲಿ ನಮ್ಮಲ್ಲಿ ಒಂದು ದೊಡ್ಡ ಚಿತ್ರ ತಯಾರಾಗುತ್ತಿತ್ತು. ಅರವತ್ತು ವರ್ಷ ಹಿಂದಿನ ನ್ಯೂಯಾರ್ಕಿನ ಕಥೆ. ಟೋಪಿ ಅಂಗಡಿಯ ಬಡ ಹುಡುಗಿ, ಬಂಗಲೆಯ ಹುಡುಗ, ನಡುವೆ ಅಡ್ಡ ನಿಂತ ಮನೆತನ. ಕೊನೆಗೆ ಒಂದು ನೃತ್ಯಕೂಟ. ಇನ್ನೂರು ಅತಿಥಿಗಳ ಎದುರಿಗೆ ಆ ಹುಡುಗ ಹಜಾರದ ಆ ತುದಿಯಿಂದ ಈ ತುದಿಗೆ ನಡೆದು ಬಂದು ಹುಡುಗಿಯ ಕೈ ಹಿಡಿದು, "ನಾನು ಮದುವೆ ಆಗೋದು ಇವಳನ್ನೇ" ಅನ್ನಬೇಕು. ಅತಿಥಿಗಳು ಗ್ಲಾಸು ಎತ್ತಿದ ಕೈ ಎತ್ತಿದಂತೆಯೇ ಸ್ತಬ್ಧರಾಗಬೇಕು. ನಿರ್ದೇಶಕನಿಗೆ ಅದು ಮನಸ್ಸಿಗೆ ಬರಲಿಲ್ಲ. ಊಟಕ್ಕೆ ಬಿಡುವ ಮೊದಲೇ ಆ ಹುಡುಗ ಒಂಬತ್ತು ಸಲ ನಡೆದು ಬಂದು ಒಂಬತ್ತು ಸಲ ಅದನ್ನೇ ಹೇಳಿದ್ದ.

ಗುಂಪಿನ ದೃಶ್ಯಗಳಿಗೆ ದಿನಗೂಲಿಗೆ ಬರುವ ಎಕ್ಸ್‌ಟ್ರಾಗಳಲ್ಲೂ ಜಾತಿ ಇತ್ತು. ಬೀದಿಯ ಗುಂಪಿಗೆ ನಿಲ್ಲುವವರು ಒಂದು ಬಗೆ. ಹಿಂದೆ ಬಾಲದಂತೆ ಇಳಿಬಿದ್ದ ಕೋಟು ತೊಟ್ಟು, ಗ್ಲಾಸು ಹಿಡಿದು, ಹುಟ್ಟಿನಿಂದಲೇ ದೀಪದ ಗೊಂಚಲುಗಳ ಕೆಳಗೆ ಬೆಳೆದವರಂತೆ ನಿಲ್ಲಬಲ್ಲವರು ಇನ್ನೊಂದು ಬಗೆ. ಇಪ್ಪತ್ತೊಂಬತ್ತರ ಶೇರುಪೇಟೆಯ ಕುಸಿತದಲ್ಲಿ ಮನೆಮಠ ಕಳೆದುಕೊಂಡ ನಿಜವಾದ ಸಿರಿವಂತರೇ ಎಷ್ಟೋ ಜನ ಈ ಎರಡನೆಯ ಗುಂಪಿಗೆ ಬಂದು ಸೇರಿದ್ದರು. ಅವರಿಗೆ ಏನನ್ನೂ ಕಲಿಸಬೇಕಾಗಿರಲಿಲ್ಲ.

ಹತ್ತನೆಯ ಸಲಕ್ಕೆ ಮುಂಚೆ ಯಾರೋ "ಸೂಜಿ" ಅಂತ ಕೂಗಿದರು. ಎತ್ತರದ ಒಬ್ಬ ಅತಿಥಿಯ ಕೋಟಿನ ಕಂಕುಳ ಹೊಲಿಗೆ ಬಿಟ್ಟಿತ್ತು. ನಾನೂ ಒಟೀಲಿಯೂ ಮಣಿಕಟ್ಟಿಗೆ ಗುಂಡುಸೂಜಿಯ ದಿಂಬು ಕಟ್ಟಿಕೊಂಡು ಕ್ಯಾಮೆರಾದ ಹಿಂದೆ ನಿಂತಿದ್ದೆವು. ಅವಳು ಹೋದಳು. ಎರಡು ಹೆಜ್ಜೆ ಇರುವಾಗ ನಿಂತುಬಿಟ್ಟಳು. ಆತ ಬೆನ್ನು ತಿರುಗಿಸಿ ನಿಂತಿದ್ದ. ಅವಳು ಆ ಕುತ್ತಿಗೆಯ ಹಿಂಭಾಗವನ್ನೇ ನೋಡುತ್ತಿದ್ದಳು.

"ಕೈ ಎತ್ತಿ" ಅಂದಳು.

ಆತ ತಿರುಗದೆಯೇ ಕೈ ಎತ್ತಿದ. "ಬಿಚ್ಚಿ ಕೊಡ್ಲಾ?"

"ಬೇಡ, ಟೈಮಿಲ್ಲ. ಹಾಗೇ ಹಾಕ್ತೀನಿ."

"ಮೈಮೇಲಿನ ಬಟ್ಟೆ ಹೊಲಿದ್ರೆ ದರಿದ್ರ ಬರುತ್ತೆ ಅಂತಾರೆ ನಮ್ಮಮ್ಮ."

"ಅದು ಆಗ್ಲೇ ಬಂದಾಗಿದೆ ಅನ್ಸುತ್ತೆ, ಲೋವೆಲ್ ಅವರೇ" ಅಂದಳು ಒಟೀಲಿ.

ಆಗ ಆತ ತಿರುಗಿದ. ಆ ಮುಖ ಬಿಳಿಚಿಕೊಂಡದ್ದನ್ನು ನಾನು ದೂರದಿಂದಲೇ ಕಂಡೆ. ಅವಳು ನೂಲು ಕಚ್ಚಿ ತುಂಡರಿಸಿ ವಾಪಸು ಬಂದು ನನ್ನ ಪಕ್ಕ ನಿಂತಳು. ಹೀರೋ ಮತ್ತೆ ನಡೆದು ಬಂದ, ಮತ್ತೆ ಹೇಳಿದ. ಇನ್ನೂರು ಜನ ಸ್ತಬ್ಧರಾದರು. ಆ ಎತ್ತರದ ಮನುಷ್ಯ ಮಾತ್ರ ಹೀರೋವನ್ನು ನೋಡದೆ ನಮ್ಮ ಕಡೆ ನೋಡುತ್ತಿದ್ದ. ಅದೊಂದು ಕಾರಣಕ್ಕೆ ಹನ್ನೊಂದನೆಯ ಸಲ ತೆಗೆಯಬೇಕಾಯಿತು.

ಮಧ್ಯಾಹ್ನ ಗೋಡೆಯ ನೆರಳಲ್ಲಿ ಕೂತು ಮೊಟ್ಟೆಯ ಸ್ಯಾಂಡ್‌ವಿಚ್ ತಿನ್ನುವಾಗ ಅವಳು ಹೇಳಿದ್ದು ಇಷ್ಟು.

ಹದಿನೆಂಟರ ವಯಸ್ಸಿನಲ್ಲಿ ಅವಳು ಪಕ್ಕದ ಪ್ಯಾಸಡೀನಾ ಊರಿನ ಹ್ಯಾದರ್ಬಿ ಅವರ ಬಂಗಲೆಗೆ ಕೆಲಸಕ್ಕೆ ಸೇರಿದಳು. ಆ ಮನೆಯಲ್ಲಿ ಮೇಜಿಗೆ ಬಡಿಸುವವಳ ಹೆಸರು ಮೇರಿ. ಯಾರೇ ಬರಲಿ, ಹೆಸರು ಏನೇ ಇರಲಿ, ಮೇರಿ. ಹಿಂದಿನವಳೂ ಮೇರಿಯೇ, ಅದರ ಹಿಂದಿನವಳೂ. ಪ್ರತಿಯೊಬ್ಬಳ ಹೆಸರನ್ನೂ ನೆನಪಿಟ್ಟುಕೊಳ್ಳುವ ಕಷ್ಟ ಯಜಮಾನಿಗೆ ಬೇಡವಾಗಿತ್ತು. ಆ ಮನೆಯ ಎರಡನೆಯ ಮಗ ಲೋವೆಲ್. ಕಾಲೇಜು ಮುಗಿಸಿ ಬಂದವನು, ಬಟ್ಟೆ ಒಣಹಾಕುವ ಹಿತ್ತಲಲ್ಲಿ ಒಂದು ದಿನ ಅವಳನ್ನು ನಿಲ್ಲಿಸಿ, "ನಿನ್ನ ನಿಜವಾದ ಹೆಸರೇನು?" ಅಂತ ಕೇಳಿದ. ಹಾಗೆ ಕೇಳಿದವನು ಆ ಮನೆಯಲ್ಲಿ ಅವನೊಬ್ಬನೇ.

ಹಾಗೆ ಶುರುವಾದ ಪ್ರೇಮ ಗುಟ್ಟಾಗಿ ಒಂದು ವರ್ಷ ನಡೆಯಿತು. ಮದುವೆಯ ವಿಷಯ ಈಸ್ಟರ್ ಹಬ್ಬಕ್ಕೆ ಅಮ್ಮನಿಗೆ ಹೇಳುತ್ತೇನೆ ಅಂದಿದ್ದ. ಹಬ್ಬದ ಊಟಕ್ಕೆ ಎಂಟು ಜನ ನೆಂಟರು ಬಂದಿದ್ದರು. ಒಟೀಲಿ ಆಲೂಗಡ್ಡೆಯ ಬೋಗುಣಿ ಹಿಡಿದು ಬಡಿಸುತ್ತಿದ್ದಳು. ಯಜಮಾನಿ ಕೈವಸ್ತ್ರದಿಂದ ತುಟಿ ಒರೆಸಿಕೊಂಡು ಹೇಳಿದರು: "ಲೋವೆಲ್, ಈ ಮೇರಿಗೆ ನೀನೇನೋ ಮಾತು ಕೊಟ್ಟಿದ್ದೀಯಂತೆ. ಅಡುಗೆಮನೇಲಿ ಮಾತಾಡ್ಕೋತಾ ಇದಾರೆ. ಹಾಗೇನಾದ್ರೂ ಇದ್ರೆ ಎಲ್ಲರ ಎದುರಿಗೇ ಹೇಳಿಬಿಡು. ನಾವೂ ತಿಳ್ಕೋತೀವಿ."

ಲೋವೆಲ್ ತನ್ನ ತಟ್ಟೆಯ ಮಾಂಸವನ್ನು ನೋಡುತ್ತಾ ಅಂದ: "ಇಲ್ಲಮ್ಮ. ಅಂಥದ್ದೇನೂ ಇಲ್ಲ."

"ನೀನೇನು ಮಾಡ್ದೆ?" ಅಂತ ನಾನು ಕೇಳಿದೆ. "ಬೋಗುಣಿ ಅವನ ತಲೆ ಮೇಲೆ ಮಗುಚಬೇಕಿತ್ತು."

"ಇನ್ನೂ ಮೂರು ಜನಕ್ಕೆ ಬಡಿಸೋದು ಬಾಕಿ ಇತ್ತು ಬರ್ನೀ. ಬಡಿಸ್ದೆ. ಆಮೇಲೆ ಹಿಂಬಾಗಿಲಿಂದ ಹೋದೆ."

ಆ ಸಂಜೆ ಸ್ಟುಡಿಯೋದ ಗೇಟಿನ ಹತ್ತಿರ ಲೋವೆಲ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ನಾನು ಸರಿದು ಹೋಗಲು ನೋಡಿದೆ. ಒಟೀಲಿ ನನ್ನ ತೋಳು ಬಿಡಲಿಲ್ಲ.

"ಇವತ್ತು ಆ ಹುಡುಗ ಹೇಳಿದ್ದನ್ನ ಹನ್ನೊಂದು ಸಲ ಕೇಳ್ದೆ" ಅಂದ ಅವನು. "ನನ್ನ ಕೈಲಿ ಒಂದು ಸಲ ಹೇಳಕ್ಕಾಗಿರಲಿಲ್ಲ."

"ಅವನಿಗೆ ಬರೆದು ಕೊಟ್ಟಿರ್ತಾರೆ" ಅಂದಳು ಒಟೀಲಿ.

ಕುಸಿತದ ವರ್ಷವೇ ಅವನ ತಂದೆ ಎದೆ ಒಡೆದು ಸತ್ತಿದ್ದರು. ಬಂಗಲೆ ಹೋಯಿತು. ಅಣ್ಣ ಪೂರ್ವದ ಕಡೆ ಹೋದವನು ಕಾಗದ ಬರೆಯುವುದನ್ನೇ ಬಿಟ್ಟ. ಲೋವೆಲ್ ಮತ್ತು ತಾಯಿ ಬಂಕರ್ ಹಿಲ್ ಅನ್ನುವ ಗುಡ್ಡದ ಮೇಲಿನ ಒಂದು ಹಳೆಯ ಮಹಲಿನ ಮೂರನೆಯ ಅಂತಸ್ತಿನಲ್ಲಿ ಬಾಡಿಗೆಗೆ ಇದ್ದರು. ಮರದ ಗೋಡೆ ಹಾಕಿ ಕೋಣೆ ಕೋಣೆಯಾಗಿ ಕತ್ತರಿಸಿ ಬಾಡಿಗೆಗೆ ಬಿಟ್ಟ ಮಹಲು. ಮಗ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾನೆ ಅಂತ ತಾಯಿ ತಿಳಿದಿದ್ದರು. ಅವನು ದಿನಾ ಬೆಳಿಗ್ಗೆ ಕಾಲರಿಗೆ ಗಂಜಿ ಹಾಕಿಕೊಂಡು ಹೊರಟು, ಮೂಲೆಯ ಅಂಗಡಿಯ ಫೋನಿನಿಂದ, ಎಕ್ಸ್‌ಟ್ರಾ ಕಳಿಸುವ ಕಚೇರಿಗೆ ಕರೆ ಮಾಡಿ, ಇವತ್ತು ಕೆಲಸ ಇದೆಯೋ ಅಂತ ಕೇಳುತ್ತಿದ್ದ.

ನನಗೆ ಅವನ ಮೇಲೆ ಕೋಪ ಇತ್ತು. ಆದರೆ ನೋಡನೋಡುತ್ತಾ ಅದನ್ನು ಉಳಿಸಿಕೊಳ್ಳುವುದು ಕಷ್ಟವಾಯಿತು. ದಿನಾ ಸಂಜೆ ಗೇಟಿನಲ್ಲಿ ಕಾಯುತ್ತಿದ್ದ. ಅವಳ ಚೀಲ ಹೊರುತ್ತಿದ್ದ. ಒಟೀಲಿ ತನ್ನ ತಾಯಿಯ ಕಡೆಯವರಂತೆ ಎಲೆಕೋಸು, ಮಾಂಸ ತುಂಬಿದ ಬನ್ನು ಮಾಡಿ ತಂದರೆ ಕಲ್ಲುಕಟ್ಟೆಯ ಮೇಲೆ ಕೂತು ಸುತ್ತಿದ ಕಾಗದದಲ್ಲೇ ಇಟ್ಟುಕೊಂಡು ತಿನ್ನುತ್ತಿದ್ದ. ಬೆಳ್ಳಿಯ ಚಮಚ ಹಿಡಿದು ಬೆಳೆದವನು ಬೆರಳು ನೆಕ್ಕುವುದನ್ನು ಕಂಡು ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದಳು. "ಕೈ ತೆಗಿ, ಟಿಲ್ಲಿ" ಅನ್ನುತ್ತಿದ್ದ ಅವನು. "ಆ ಹಲ್ಲಿಗೇ ನಾನು ಮರುಳಾಗಿದ್ದು."

ಮರುವರ್ಷ ಫೆಬ್ರವರಿಯಲ್ಲಿ ನೋಂದಣಿ ಕಚೇರಿಯಲ್ಲಿ ಮದುವೆ ಆಯಿತು. ಸಾಕ್ಷಿ ನಾನೇ. ಸಾವಿರಾರು ಮದುವಣಗಿತ್ತಿಯರ ಉಡುಪು ಹೊಲಿದವಳು ತನಗೆ ಅಂತ ಒಂದನ್ನೂ ಹೊಲಿದುಕೊಳ್ಳದೆ ಕಂದು ಬಣ್ಣದ ಕೋಟು ಹಾಕಿಕೊಂಡು ಬಂದಿದ್ದಳು. ಆಮೇಲೆ ಮೂವರೂ ಒಂದು ಚಿಕ್ಕ ಹೋಟೆಲಿಗೆ ಹೋಗಿ ಸೇಬಿನ ಕಡುಬು, ಕಾಫಿ ತಗೊಂಡೆವು. ಅಲ್ಲಿ ಲೋವೆಲ್ ಚಮಚವನ್ನು ಅತ್ತಿತ್ತ ತಿರುಗಿಸುತ್ತಾ ಹೇಳಿದ:

"ಅಮ್ಮನಿಗೆ ಇನ್ನೂ ಹೇಳಿಲ್ಲ."

ಒಟೀಲಿ ಕಾಫಿ ಲೋಟ ಕೆಳಗಿಟ್ಟಳು.

"ಅವಳ ಹೃದಯ ಮೊದಲಿನ ಹಾಗಿಲ್ಲ. ಡಾಕ್ಟರು ಆಘಾತ ಆಗಬಾರದು ಅಂದಿದಾರೆ. ಮನೆ ನೋಡ್ಕೊಳ್ಳೋಕೆ ಒಬ್ಬಳನ್ನ ಗೊತ್ತು ಮಾಡಿದೀನಿ ಅಂದಿದೀನಿ. ಸ್ವಲ್ಪ ದಿನ, ಟಿಲ್ಲಿ. ಅವಳಿಗೆ ನೀನು ಅಭ್ಯಾಸ ಆಗ್ಲಿ. ಆಮೇಲೆ ನಾನೇ ಹೇಳ್ತೀನಿ."

"ಅಂದ್ರೆ ನಿನ್ನ ಹೆಂಡತೀನ ನಿನ್ನ ಮನೆಗೇ ಕೆಲಸಕ್ಕೆ ಇಟ್ಕೋತೀಯಾ?" ಅಂದೆ ನಾನು. "ಒಳ್ಳೇ ಗಂಡಸಪ್ಪಾ ನೀನು. ಸಂಬಳ ಎಷ್ಟು ಅಂತಾನೂ ಹೇಳಿಬಿಡು."

ಒಟೀಲಿ ನನ್ನ ಕಡೆ ನೋಡಲಿಲ್ಲ. "ಎಷ್ಟು ದಿನ?" ಅಂತ ಅವನನ್ನು ಕೇಳಿದಳು.

"ಒಂದು ತಿಂಗಳು. ಹೆಚ್ಚಂದ್ರೆ ಎರಡು."

ಆ ಮಹಲಿನ ಮೂರನೆಯ ಅಂತಸ್ತಿನಲ್ಲಿ ಬಾಗಿಲು ತೆರೆದ ಹ್ಯಾದರ್ಬಿ ಅಮ್ಮಾವ್ರು ಇವಳನ್ನು ಮೇಲಿಂದ ಕೆಳಗೆ ನೋಡಿದರಂತೆ. ಹನ್ನೆರಡು ವರ್ಷ ಕಳೆದಿತ್ತು. ಪೇಟೆಗೆ ಹೋಗಿ ಬಂದವಳನ್ನು ಕೇಳುವ ಹಾಗೆ, "ಮೇರಿ, ನೀನಾ? ಎಲ್ಲಿ ಹೋಗಿದ್ದೆ ಇಷ್ಟು ಹೊತ್ತು? ಬಾ, ಆ ಪರದೆ ಸರಿಯಾಗಿ ಬೀಳ್ತಾ ಇಲ್ಲ, ನೋಡು" ಅಂದರಂತೆ.

ಒಂದು ತಿಂಗಳು ಏಳು ವರ್ಷ ಆಯಿತು.

ಹಗಲು ಸ್ಟುಡಿಯೋ. ಸಂಜೆ ಟ್ರಾಮಿನಲ್ಲಿ ಬೆಟ್ಟ ಹತ್ತಿ ಹೋಗಿ, ಏಪ್ರನ್ನು ಕಟ್ಟಿ, ಅಡುಗೆ ಮಾಡಿ, ಮೇಜಿಗೆ ಕೂತ ತಾಯಿ ಮಗನಿಗೆ ಬಂಗಲೆಯ ರೀತಿಯಲ್ಲೇ ಎಡಗಡೆಯಿಂದ ಬಡಿಸಿ, ತಾನು ಅಡುಗೆಮನೆಯಲ್ಲಿ ನಿಂತುಕೊಂಡೇ ಉಣ್ಣುವುದು. ಬಂಗಲೆಯ ಬೆಳ್ಳಿಯಲ್ಲಿ ಉಳಿದದ್ದು ಒಂದು ಪುಟ್ಟ ಗಂಟೆ ಮಾತ್ರ. ಅಮ್ಮಾವ್ರು ಅದನ್ನು ಆಡಿಸಿದರೆ ಇವಳು ಹೋಗಬೇಕು. ಮೊದಲ ವರ್ಷ ಒಂದು ಸಲ ಲೋವೆಲ್ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಬಂದು ಇವಳ ಪಕ್ಕ ನಿಂತನಂತೆ. ಇನ್ನೂ ಎರಡು ತುತ್ತು ತಿಂದಿರಲಿಲ್ಲ, ಗಂಟೆ ಆಡಿತು. ಅವನು ತಟ್ಟೆ ಎತ್ತಿಕೊಂಡು ವಾಪಸು ಹೋದ.

ಅತ್ತೆಯ ಕೋಣೆಯ ಬಾಗಿಲು ಹಾಕಿಕೊಂಡ ಮೇಲೆಯೇ ಅವಳು ಹೆಂಡತಿ. ಮತ್ತೆ ಭಾನುವಾರ ಬೆಳಿಗ್ಗೆ ಎರಡು ಗಂಟೆಯ ಹೊತ್ತು. ಕೆಳಗಿನ ಮನೆಯ ಹೆಂಗಸಿನ ಜೊತೆ ಅಮ್ಮಾವ್ರು ಚರ್ಚಿಗೆ ಹೋದ ಕೂಡಲೇ ಒಟೀಲಿ ನೀಲಿ ಉಡುಪು ಹಾಕಿಕೊಂಡು ಮೇಜಿಗೆ ಗಂಡನ ಎದುರು ಕೂರುತ್ತಿದ್ದಳು. ಅವನೇ ಅವಳಿಗೆ ಮೊಟ್ಟೆ ಹುರಿದು ಬಡಿಸುತ್ತಿದ್ದ. ಪತ್ರಿಕೆ ಓದಿ ಹೇಳುತ್ತಿದ್ದ. ಹನ್ನೊಂದೂವರೆಗೆ ಬ್ರೆಡ್ಡಿನ ಪುಡಿ ಒರೆಸಿ, ಉಡುಪು ಬಿಚ್ಚಿ ಏಪ್ರನ್ನು ಕಟ್ಟುವುದು.

"ವಾರಕ್ಕೆ ಎರಡು ಗಂಟೆ ಸಂಸಾರ" ಅಂತ ನಾನು ಚುಚ್ಚುತ್ತಿದ್ದೆ. "ಜೈಲಲ್ಲಿರೋರಿಗೂ ಇಷ್ಟೇ ಭೇಟಿ ಕೊಡೋದು."

"ಎಷ್ಟೋ ಜನಕ್ಕೆ ಅದೂ ಇಲ್ಲ" ಅನ್ನುತ್ತಿದ್ದಳು.

ನೃತ್ಯಕೂಟದ ಆ ಚಿತ್ರ ಬಿಡುಗಡೆಯಾದಾಗ ನಾವು ಮೂವರೂ ಹೋಗಿ ನೋಡಿದೆವು. ಹೀರೋ ಆ ಮಾತು ಹೇಳುವಾಗ ಅವನ ಭುಜದಾಚೆ ಲೋವೆಲ್ ಒಂದು ಕ್ಷಣ ಕಾಣುತ್ತಾನೆ. ಸುತ್ತಲೂ ಹೆಂಗಸರು ಮೂಗು ಒರೆಸಿಕೊಳ್ಳುತ್ತಿದ್ದರು. ಲೋವೆಲ್ ಕತ್ತಲಲ್ಲಿ ಒಟೀಲಿಯ ಕೈ ಹಿಡಿದುಕೊಂಡು, "ಈಸ್ಟರ್ ಹೊತ್ತಿಗೆ ಹೇಳಿಬಿಡ್ತೀನಿ" ಅಂದದ್ದು ನನ್ನ ಕಿವಿಗೂ ಬಿತ್ತು.

ಮೂವತ್ತೊಂಬತ್ತರಲ್ಲಿ ಅವಳು ಬಸುರಿಯಾದಳು. ಇನ್ನು ಮುಚ್ಚಿಡುವಂತಿರಲಿಲ್ಲ. ಲೋವೆಲ್ ಹೇಳುವ ದಿನ ಗೊತ್ತು ಮಾಡಿದ, ಕನ್ನಡಿಯ ಮುಂದೆ ನಿಂತು ಮಾತು ಅಭ್ಯಾಸ ಮಾಡಿದ. ಅದೇ ವಾರ, ನಾಲ್ಕು ತಿಂಗಳು ತುಂಬುವ ಮೊದಲೇ, ಕೂಸು ಹೋಯಿತು. ಮೂರನೆಯ ದಿನ ಅವಳು ಕೆಲಸಕ್ಕೆ ಬಂದು ಸೂಜಿಗೆ ನೂಲು ಪೋಣಿಸುತ್ತಾ, ತಲೆ ಎತ್ತದೆ ನನಗೆ ಹೇಳಿದಳು:

"ಅವನ ಮುಖದಲ್ಲಿ ದುಃಖ ಇತ್ತು ಬರ್ನೀ. ಸುಳ್ಳಲ್ಲ, ನಿಜವಾದ ದುಃಖಾನೇ. ಆದ್ರೆ ಅದರ ಕೆಳಗೆ ಒಂಚೂರು ಸಮಾಧಾನಾನೂ ಇತ್ತು. ನಾನು ನೋಡಿಬಿಟ್ಟೆ. ನೋಡಬಾರದಿತ್ತು."

ಅದಾದ ಮೇಲೆ ಅವಳು ಅವನನ್ನು ಯಾವತ್ತು ಹೇಳುತ್ತೀ ಅಂತ ಕೇಳಲಿಲ್ಲ.

ನಲವತ್ತನಾಲ್ಕರ ಜನವರಿಯಲ್ಲಿ ಅವನಿಗೆ ಒಂದು ಸಾವಿನ ಮೆರವಣಿಗೆಯ ದೃಶ್ಯದಲ್ಲಿ ಕೆಲಸ ಸಿಕ್ಕಿತು. ಮೂರು ದಿನ ಕೊಳವೆಯಿಂದ ಮಳೆ ಸುರಿಸಿದರು. ತೆಳ್ಳನೆಯ ಕಪ್ಪು ಕೋಟಿನಲ್ಲಿ ತೊಯ್ದು ನಿಂತವನಿಗೆ ನ್ಯುಮೋನಿಯಾ ಹಿಡಿಯಿತು. ಆಸ್ಪತ್ರೆಗೆ ಸೇರಿಸಿದ ಮರುದಿನ ಅವನು ಒಟೀಲಿಗೆ, "ಅಮ್ಮನ್ನ ಕರ್ಕೊಂಡ್ ಬಾ. ಇವತ್ತು ಹೇಳ್ತೀನಿ. ನೀನೂ ಇಲ್ಲೇ ನಿಂತಿರು" ಅಂದ. ಅವಳು ಕರೆತಂದಳು. ತಾಯಿ ಮಂಚದ ಪಕ್ಕ ಕೂತರು, ಇವಳು ಕಾಲ ದೆಸೆಗೆ ನಿಂತಳು. ಲೋವೆಲ್ ಅವಳನ್ನು ನೋಡಿದ, ತಾಯಿಯನ್ನು ನೋಡಿದ. "ಅಮ್ಮಾ, ನಿನಗೊಂದು ಮಾತು" ಅಂತ ಶುರು ಮಾಡಿದ.

"ಸುಮ್ಮನೆ ಮಲಗಪ್ಪ" ಅಂದರು ತಾಯಿ, ಅವನ ಬಾಯಿಯ ಮೇಲೆ ಬೆರಳಿಟ್ಟು. "ಮಾತಾಡಿ ಆಯಾಸ ಮಾಡ್ಕೋಬೇಡ. ಎಲ್ಲಾ ನಾಳೆ."

ಬೆಳಗಾಗುವ ಹೊತ್ತಿಗೆ ಅವನು ಇರಲಿಲ್ಲ. ನಲವತ್ತೆರಡು ವರ್ಷ.

ಹೂಳುವ ದಿನ ತಾಯಿ ಮುಂದಿನ ಸಾಲಿನಲ್ಲಿ ಕೂತರು. ಒಟೀಲಿ ನನ್ನ ಜೊತೆ ಕೊನೆಯ ಸಾಲಿನಲ್ಲಿ. ಪಾದ್ರಿ ಅವನ ಗುಣಗಾನ ಮಾಡುತ್ತಾ, ಮದುವೆ ಸಂಸಾರದ ಸುಖವನ್ನೂ ತೊರೆದು ತಾಯಿಯ ಸೇವೆಗೇ ಬಾಳನ್ನು ಮೀಸಲಿಟ್ಟ ಮಗ ಅಂತ ಹೇಳಿದ. ನಾನು ಎದ್ದು ನಿಲ್ಲಲು ಹೊರಟೆ. ಒಟೀಲಿ ನನ್ನ ಮಣಿಕಟ್ಟನ್ನು ಹಿಡಿದಳು. ಬೀಟ್ ಕಿತ್ತ ಕೈ ಅದು. ಎರಡು ದಿನ ಆ ಗುರುತು ಹೋಗಲಿಲ್ಲ.

ಅಲ್ಲಿಗೆ ಎಲ್ಲ ಮುಗಿಯಿತು, ಇನ್ನು ಅವಳು ನನ್ನ ಮನೆಗೆ ಬಂದು ಇರುತ್ತಾಳೆ ಅಂದುಕೊಂಡಿದ್ದೆ. ಕೋಣೆಯನ್ನೂ ಸಾರಿಸಿ ಇಟ್ಟಿದ್ದೆ. ಅವಳು ಬರಲಿಲ್ಲ. ಟ್ರಾಮಿನ ನಿಲ್ದಾಣದಲ್ಲಿ ಜಗಳ ಆಡಿದೆವು, ನಮ್ಮ ಜೀವನದಲ್ಲಿ ಆಡಿದ ಒಂದೇ ಜಗಳ.

"ಗಂಡನೇ ಹೋದ ಮೇಲೆ ನಿನಗ್ಯಾಕೆ ಆ ಮನೆ ಹಂಗು?" ಅಂದೆ. "ಆ ಮುದುಕಿಗೆ ನೀನು ಯಾರು? ಹೆಸರು ಸಹ ಗೊತ್ತಿಲ್ಲ ಅವಳಿಗೆ."

"ಅವರಿಗೆ ನೀರು ಕಾಸೋಕೂ ಬರಲ್ಲ ಬರ್ನೀ."

"ಕಲೀಲಿ. ನಾವೆಲ್ಲ ಹುಟ್ಟುತ್ತಲೇ ಕಲಿತು ಬಂದ್ವಾ?"

ಅವಳು ಟ್ರಾಮು ಬರುವ ದಾರಿ ನೋಡಿದಳು. ಆಮೇಲೆ, "ಅವನು ಚಿಕ್ಕವನಿದ್ದಾಗ ಹೇಗಿದ್ದ ಅಂತ ಹೇಳೋರು ಬೇರೆ ಯಾರಿದಾರೆ?" ಅಂದಳು. "ಸಂಜೆ ಬಡಿಸೋವಾಗ ಅವರು ಒಂದೊಂದೇ ಹೇಳ್ತಾರೆ. ಮರದಿಂದ ಬಿದ್ದದ್ದು, ಕುದುರೆಗೆ ಹೆದರ್ತಿದ್ದದ್ದು. ನನಗೆ ಅಂತ ಹೇಳಲ್ಲ, ಗೋಡೆಗೆ ಹೇಳ್ತಾರೆ. ಆದ್ರೂ ನಾನು ಕೇಳಿಸ್ಕೋಬಹುದು."

ಟ್ರಾಮು ಬಂತು. ಅವಳನ್ನು ಹತ್ತಿಸಿ ನಾನೊಬ್ಬಳೇ ಮನೆಗೆ ಹೋದೆ.

ಹೀಗೆ ಇನ್ನೂ ಐದೂಮುಕ್ಕಾಲು ವರ್ಷ. ಮಗನ ಬ್ಯಾಂಕಿನವರು ಕೊಡುವ ಪಿಂಚಣಿ ಅಂತ ಹೇಳಿ ತನ್ನ ಸಂಬಳದಲ್ಲಿ ಆ ಮನೆ ನಡೆಸಿದಳು. ಕೊನೆಕೊನೆಗೆ ಅಮ್ಮಾವ್ರಿಗೆ ಮೆಟ್ಟಿಲು ಇಳಿಯಲಾಗುತ್ತಿರಲಿಲ್ಲ. ಇವಳೇ ಸ್ನಾನ ಮಾಡಿಸುವುದು, ಕೂದಲು ಬಾಚುವುದು. ನಾನು ಆಗಾಗ ಹೋಗಿ ಕೂರುತ್ತಿದ್ದೆ. ನನ್ನನ್ನು ಅವರು "ಮೇರಿಯ ಗೆಳತಿ" ಅನ್ನುತ್ತಿದ್ದರು.

ನಲವತ್ತೊಂಬತ್ತರ ಅಕ್ಟೋಬರಿನ ಒಂದು ಮಧ್ಯಾಹ್ನ ಒಟೀಲಿ ಔಷಧಿ ತರಲು ಹೋಗಿದ್ದಳು. ನಾನು ಕಿಟಕಿಯ ಹತ್ತಿರ ಕೂತು ಕಾಲುಚೀಲ ಹೊಲಿಯುತ್ತಿದ್ದೆ. ನಿದ್ದೆಯಲ್ಲಿದ್ದಾರೆ ಅಂದುಕೊಂಡಿದ್ದ ಅಮ್ಮಾವ್ರು ಕಣ್ಣು ಮುಚ್ಚಿಕೊಂಡೇ ಕೇಳಿದರು:

"ಸಾಕ್ಷಿ ಹಾಕಿದವಳು ನೀನೇ ಅಲ್ವಾ?"

ನನ್ನ ಕೈ ನಿಂತಿತು. "ಯಾವುದಕ್ಕೆ, ಅಮ್ಮಾವ್ರೇ?"

"ಲೋವೆಲ್‌ನ ಮದುವೆಗೆ. ಬರ್ನೀಸ್ ಪ್ರೂಯಿಟ್ ಅಂತ ಸಹಿ ಇತ್ತು. ಅವನ ಮೇಜಿನ ಡ್ರಾಯರಲ್ಲಿ ಕಾಗದ ನೋಡ್ದೆ. ಕೈವಸ್ತ್ರ ಹುಡುಕ್ತಾ ಇದ್ದೆ. ಅವಳು ಬಂದ ಎರಡನೇ ತಿಂಗಳು."

"ಎರಡನೇ ತಿಂಗಳು?"

"ಬ್ಯಾಂಕಿನ ವಿಷ್ಯಾನೂ ಗೊತ್ತಿತ್ತು. ಕೆಳಗಿನ ಮನೆಯವಳು ಒಂದ್ಸಲ ಸಿನಿಮಾಕ್ಕೆ ಕರ್ಕೊಂಡು ಹೋಗಿದ್ಳು. ನೃತ್ಯಕೂಟದಲ್ಲಿ ನಿಂತಿದ್ದ. ಆ ಹೀರೋಗಿಂತ ಅವನಿಗೇ ಕೋಟು ಚೆನ್ನಾಗಿ ಒಪ್ಪಿತ್ತು."

ನನಗೆ ಮೈಯೆಲ್ಲ ಉರಿದುಹೋಯಿತು. ಕಾಯಿಲೆಯವರು, ಮುದುಕಿ ಅನ್ನುವುದನ್ನೂ ಮರೆತೆ. "ಗೊತ್ತಿದ್ದೂ ಗಂಟೆ ಆಡಿಸಿ ಅವಳ ಕೈಲಿ ಕೆಲಸ ಮಾಡಿಸಿದ್ರಾ? ಮಗು ಹೋದಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು." ಅವರು ಕಣ್ಣು ತೆರೆದರು. "ಮೊದಲ ವರ್ಷ ಅವನೇ ಬಂದು ಹೇಳ್ಲಿ ಅಂತ ಕಾದೆ. ಅವನಿಗೆ ಧೈರ್ಯ ಬರ್ಲಿಲ್ಲ. ಧೈರ್ಯ ಬರದ ಹಾಗೆ ಬೆಳೆಸಿದ್ದು ನಾನೇ. ಆಮೇಲೆ ನಾನೇ ಹೇಳೋಣ ಅಂದ್ರೆ, ಆ ಈಸ್ಟರ್ ಊಟದ ಮಾತು ಎತ್ತದೆ ಹೇಗೆ ಹೇಳೋದು? ದಿನ ಹೋದ ಹಾಗೆ ಅದು ಇನ್ನೂ ದೊಡ್ಡದಾಯ್ತು. ಆಸ್ಪತ್ರೇಲಿ ಅವನು ಬಾಯಿ ತೆಗೆದಾಗ ಏನು ಹೇಳ್ತಾನೆ ಅಂತ ನನಗೆ ಗೊತ್ತಿತ್ತು. ಕೇಳಿಬಿಟ್ರೆ ಅವನು ಹೋಗಿಬಿಡ್ತಾನೆ ಅನ್ಸಿತು. ಬಾಯಿ ಮುಚ್ಚಿಸ್ದೆ."

"ಈಗಲಾದ್ರೂ ಹೇಳಿ. ಅವಳು ಬರ್ತಾಳೆ. ಎರಡೇ ಮಾತು."

"ಎರಡೇ ಮಾತು" ಅಂದರು ಅವರು. "ಎಪ್ಪತ್ತೆಂಟು ವರ್ಷ ಆಯ್ತು, ಯಾರ ಹತ್ರಾನೂ ತಪ್ಪಾಯ್ತು ಅಂದಿಲ್ಲ. ಅದನ್ನ ಹೇಗೆ ಶುರು ಮಾಡ್ತಾರೆ ಅಂತಾನೇ ಗೊತ್ತಿಲ್ಲ ನನಗೆ."

ಮೆಟ್ಟಿಲಲ್ಲಿ ಒಟೀಲಿಯ ಹೆಜ್ಜೆ ಕೇಳಿಸಿತು. ಅವಳು ಏದುಸಿರು ಬಿಡುತ್ತಾ ಒಳಗೆ ಬಂದು ಔಷಧಿಯ ಸೀಸೆ ಮೇಜಿನ ಮೇಲೆ ಇಟ್ಟಳು. ಅಮ್ಮಾವ್ರು ಅವಳನ್ನೇ ನೋಡಿದರು. ತುಟಿ ಅಲ್ಲಾಡಿತು.

"ಮೇರಿ" ಅಂದರು. "ಕಿಟಕಿ ಹಾಕು. ಗಾಳಿ ಬರ್ತಾ ಇದೆ."

ಒಂಬತ್ತು ದಿನದ ಮೇಲೆ ಅವರು ತೀರಿಕೊಂಡರು. ಒಟೀಲಿ ಅವರ ತಲೆ ತೊಡೆಯ ಮೇಲೆ ಇಟ್ಟುಕೊಂಡು ಚಮಚದಲ್ಲಿ ನೀರು ಬಿಟ್ಟಳು. ಆ ಒಂಬತ್ತು ದಿನದಲ್ಲಿ ಅವರು ಏನಾದರೂ ಹೇಳಿರಬಹುದು ಅಂತ ನಾನು ಆಸೆಪಟ್ಟಿದ್ದೆ. ಏನೂ ಹೇಳಿರಲಿಲ್ಲ.

ನಾನು ಹೇಳಬೇಕೋ ಬೇಡವೋ ಅಂತ ಮೂರು ದಿನ ತೊಳಲಾಡಿದೆ. ನಾಲ್ಕನೆಯ ದಿನ, ಅವಳು ಸತ್ತವರ ನಿಲುವಂಗಿಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬುತ್ತಿದ್ದಾಗ, ಎಲ್ಲವನ್ನೂ ಹೇಳಿದೆ. ಡ್ರಾಯರಿನ ಕಾಗದ, ಸಿನಿಮಾ, ಆಸ್ಪತ್ರೆ. ಅವಳು ಮಡಿಸುವುದನ್ನು ನಿಲ್ಲಿಸಲಿಲ್ಲ. ಕೊನೆಯ ಅಂಗಿಯ ತೋಳುಗಳನ್ನು ಒಳಗೆ ಸೇರಿಸಿ, ಅಂಗೈಯಿಂದ ನೇವರಿಸಿ ಇಟ್ಟಳು. ಆಮೇಲೆ ಊಟದ ಮೇಜಿನ ಕಡೆ ನೋಡುತ್ತಾ ಅಂದಳು:

"ಹಾಗಾದ್ರೆ ಆ ಏಳು ವರ್ಷ ನಾವು ಮೂರು ಜನಾನೂ ಒಟ್ಟಿಗೆ ಕೂತು ಉಣ್ಣಬಹುದಿತ್ತು."

ಅಷ್ಟೇ. ಆಮೇಲೆ ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಹಲ್ಲು ಕಾಣುತ್ತದೆ ಅಂತ ಕೈ ಅಡ್ಡ ಇಡಲೂ ಇಲ್ಲ. ಬೆಟ್ಟದ ಕೆಳಗೆ ಟ್ರಾಮುಗಳು ಹೋಗುತ್ತಿದ್ದವು, ಬರುತ್ತಿದ್ದವು. ನಾನು ಅವಳ ಬೆನ್ನಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಯಾರ ಮೇಲೆ ಕೋಪ ಮಾಡಿಕೊಳ್ಳಬೇಕು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ಆ ಕೋಪಕ್ಕೆ ಗುರಿಯಾಗಬೇಕಾದವರಿಬ್ಬರೂ ಮಣ್ಣಿನ ಕೆಳಗಿದ್ದರು.

ಮರುವಾರ ಅವಳು ಸಂಬಳದ ಕಚೇರಿಗೆ ಹೋಗಿ ತನ್ನ ಹೆಸರು ಬದಲಾಯಿಸಬೇಕು ಅಂದಳು. ನಾನೂ ಜೊತೆಗಿದ್ದೆ. ಕಿಂಡಿಯ ಹುಡುಗಿ ನಕ್ಕು, "ಓ, ಮದುವೆ ಆಯ್ತಾ? ಯಾವಾಗ?" ಅಂದಳು.

"ಮೂವತ್ತೇಳರಲ್ಲಿ" ಅಂದಳು ಒಟೀಲಿ. "ಈಗ ವಿಧವೆ. ಹ್ಯಾದರ್ಬಿ ಅಂತ ಬರ್ಕೊಳ್ಳಿ."

ಹುಡುಗಿ ಮತ್ತೇನೂ ಕೇಳದೆ ಬರೆದುಕೊಂಡಳು. ಶೆಡ್ಡಿನಲ್ಲಿ ಕೆಲವರು ಬೆನ್ನ ಹಿಂದೆ ಆಡಿಕೊಂಡರು. ಮುದುಕಿಯ ಹೆಸರನ್ನು ಕದ್ದಳು ಅಂದವಳೂ ಇದ್ದಳು. ಅವಳಿಗೆ ನಾನು ತಕ್ಕ ಮಾತು ಹೇಳಿದೆ, ಅದನ್ನು ಇಲ್ಲಿ ಬರೆಯಲಾರೆ.

ಆಮೇಲೆ ಒಟೀಲಿ ಗ್ಲೆಂಡೇಲಿನಲ್ಲಿ ಎರಡು ಕೋಣೆಯ ಮನೆ ಹಿಡಿದಳು. ಐವತ್ತಾರರವರೆಗೂ ಕೆಲಸ ಮಾಡಿದಳು. ಕಣ್ಣು ಮಂಜಾದ ಮೇಲೆ ಬಿಟ್ಟಳು. ಇನ್ನೊಂದು ಮದುವೆಯ ಮಾತನ್ನು ಒಬ್ಬ ಒಳ್ಳೆಯ ಬಡಗಿ ಎತ್ತಿದ್ದ, ನಮ್ಮ ಸ್ಟುಡಿಯೋದವನೇ, ಹೆಂಡತಿ ಸತ್ತವನು. ಅವಳು ಬೇಡ ಅಂದಳು. ನಾನು ಕಾರಣ ಕೇಳಿದ್ದಕ್ಕೆ, "ಅವನಿಗೂ ತಾಯಿ ಇದಾಳೆ" ಅಂದಳು. ನಕ್ಕಳೋ ಇಲ್ಲವೋ ಗೊತ್ತಾಗಲಿಲ್ಲ.

ಅರವತ್ತೊಂದರ ಮಾರ್ಚಿನಲ್ಲಿ ಹೋದಳು. ಹೊಟ್ಟೆಯಲ್ಲಿ ಗಡ್ಡೆ ಇತ್ತು, ಬಹಳ ನರಳಲಿಲ್ಲ. ನೆಬ್ರಾಸ್ಕಾದಿಂದ ಒಬ್ಬ ತಮ್ಮ ಬಂದಿದ್ದ. ಅಕ್ಕನನ್ನು ಮೂವತ್ತೇಳು ವರ್ಷದಿಂದ ಕಂಡಿರಲಿಲ್ಲ. ಮುಖದ ಹತ್ತಿರ ಬಾಗಿ ಬಹಳ ಹೊತ್ತು ನೋಡಿ, "ನಮ್ಮಮ್ಮನ ಹಾಗೇ ಇದಾಳೆ" ಅಂದ. ಶೆಡ್ಡಿನ ಹಳಬರು ನಾವು ಆರು ಜನ ಹೋಗಿದ್ದೆವು. ನಮ್ಮಲ್ಲೊಬ್ಬಳು ಮನೆಯಿಂದ ಹ್ಯಾಮು, ಆಲೂಗಡ್ಡೆ ಮಾಡಿ ತಂದಿದ್ದಳು. ಮಣ್ಣು ಮಾಡಿ ಬಂದ ಮೇಲೆ ಒಟೀಲಿಯ ಮನೆಯಲ್ಲೇ ಬಡಿಸಿಕೊಂಡು ಉಂಡೆವು, ಆ ತಮ್ಮನನ್ನೂ ಕೂರಿಸಿಕೊಂಡು. ಅವನಿಗೆ ಅಕ್ಕನ ಬದುಕಿನ ಬಗ್ಗೆ ಏನೂ ಗೊತ್ತಿರಲಿಲ್ಲ. "ಸುಖವಾಗಿದ್ಲಾ?" ಅಂತ ಕೇಳಿದ.

ನಾನೇ ಹೇಳಿದೆ: "ಗಂಡ ಅವಳನ್ನ ತುಂಬಾ ಇಷ್ಟಪಡ್ತಿದ್ದ."

ಅದು ಸುಳ್ಳಲ್ಲ. ತಮ್ಮ ತಲೆಯಾಡಿಸಿ ಮತ್ತೆ ಊಟಕ್ಕೆ ಕೈ ಹಾಕಿದ.